ಮಂಡೆ ಮುಟ್ಟುವ ಕೈ

೧೯೩೪, ಅಕ್ಟೋಬರ್ ೩

ಇವತ್ತೂ ಅಮ್ಮಣಿಯೇ ನನಗೆ ಮುಂಡಾಸು ಸುತ್ತಿದಳು. ಬಾಗಿಲು ಹಾಕಿಕೊಂಡು, ಒಳಮನೆಯ ಮಬ್ಬಿನಲ್ಲಿ, ನಾವು ಗಂಡ ಹೆಂಡತಿ ಸೇರಿ ಕದ್ದ ಮಾಲು ಬಚ್ಚಿಡುವವರ ಹಾಗೆ. ಜೂನ್ ಮಳೆಯಲ್ಲಿ ಆಲೂಗಡ್ಡೆ ಹೊಲದ ಬದುವಿನಿಂದ ಜಾರಿ ಬಿದ್ದ ಮೇಲೆ ನನ್ನ ಬಲಗೈ ಸೊಂಟದಿಂದ ಮೇಲೆ ಏಳುವುದಿಲ್ಲ. ಹಾಲು ಕರೆಯಲು ಅಡ್ಡಿಯಿಲ್ಲ, ಬರೆಯಲು ಅಡ್ಡಿಯಿಲ್ಲ. ಮೊಣಕೈಯಿಂದ ಕೆಳಗೆ ಕೈ ನನ್ನದೇ, ಮೇಲಿನದು ಯಾರದೋ. ನಮ್ಮ ಕೂಕಲ್ತೊರೈ ಹಟ್ಟಿಯವರಿಗೆ ಗೊತ್ತಿರುವುದು ಇಷ್ಟೇ: ಭೋಜನ್ ಮಾಸ್ಟರು ಜಾರಿ ಬಿದ್ದರು, ನಾಲ್ಕು ದಿನ ಮಲಗಿದರು, ಎದ್ದರು. ಹೆಚ್ಚು ಗೊತ್ತಾಗಬೇಕಾಗಿಯೂ ಇಲ್ಲ. ಹಟ್ಟಿಗೆ ಹಿರಿಯನಾದವನ ಕೈ ಬಿದ್ದುಹೋಗಿದೆ ಎಂದರೆ ಅವನ ಮಾತೂ ಬಿದ್ದುಹೋಗುತ್ತದೆ.

ಮುಂಡಾಸಿನ ತುದಿ ಸಿಕ್ಕಿಸುತ್ತಾ ಅಮ್ಮಣಿ, "ಇಂದಾದ್ರೂ ನಂಜುಂಡನ್‌ಗೆ ಹೇಳಿಬಿಡು. ಒಂದು ಮಾತು. ಬಾಯೇನು ಸವೆದುಹೋಗದು" ಎಂದಳು.

ನಂಜುಂಡನ್ ನನ್ನ ತಮ್ಮ. ನಮ್ಮದು ಸಾಲುಮನೆ, ಇಬ್ಬರಿಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನನಗೆ ಕೇಳುತ್ತದೆ. ಮಾತು ನಿಂತು ತಿಂಗಳಾಯಿತು.

ಅಕ್ಟೋಬರ್ ೪

ಹೇಳು ಹೇಳು ಎನ್ನುವುದು ಸುಲಭ. ನಡೆದದ್ದನ್ನು ಬರೆದುಬಿಡುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಕನ್ನಡದಲ್ಲೇ ಬರೆಯಬೇಕು, ಮನೆಯ ಮಾತಿಗೆ ಅಕ್ಷರವಿಲ್ಲ. ಒಳ್ಳೆಯದೇ ಆಯಿತು. ಪರರ ಭಾಷೆಯಲ್ಲಿ ಮಾನ ಹೋದದ್ದನ್ನು ಬರೆದರೆ ಅಷ್ಟು ಉರಿಯುವುದಿಲ್ಲ.

ಮಳೆಗಾಲದಲ್ಲಿ ನಂಜುಂಡನ್ ಚೇರಂಬಾಡಿ ಕಡೆಯ ಟೀ ಎಸ್ಟೇಟಿಗೆ ಹೋಗಿದ್ದ. ಅಲ್ಲಿ ಮೇಸ್ತ್ರಿ ಕೆಲಸ ಕೊಡುತ್ತೇವೆ ಎಂದಿದ್ದರಂತೆ, ನೋಡಿ ಬರಲು ಹೋದದ್ದು. ಸೆಪ್ಟೆಂಬರಿನಲ್ಲಿ ತಿರುಗಿ ಬಂದ ದಿನ ಊರ ಮುಂದಿನ ಬಯಲಿನಲ್ಲಿ ನಾವು ನಾಲ್ಕು ಮಂದಿ ಮುದುಕರು ಬಿಸಿಲಿಗೆ ಮೈ ಕಾಯಿಸುತ್ತಾ ನಿಂತಿದ್ದೆವು. ಅವನು ನೇರ ನನ್ನ ಮುಂದೆ ಬಂದು ಮುಂಡಾಸು ತೆಗೆದು ತಲೆ ಬಗ್ಗಿಸಿದ. ದೂರದಿಂದ ಬಂದ ಕಿರಿಯ ತಲೆ ಬಗ್ಗಿಸಬೇಕು, ಹಿರಿಯ ಬಲಗೈಯನ್ನು ಮಂಡೆಯ ಮೇಲಿಟ್ಟು "ಒಂದು ಒಂಬತ್ತಾಗಲಿ" ಎನ್ನಬೇಕು. ಇದು ನಮ್ಮಲ್ಲಿ ಉಸಿರಾಟದಷ್ಟು ಸಹಜ. ಎಡಗೈ ಆ ಕೆಲಸಕ್ಕೆ ಬಾರದು.

ನಂಜುಂಡನ್ ನನಗಿಂತ ಗೇಣುದ್ದ ಹೆಚ್ಚು. ಬಗ್ಗಿದರೂ ಅವನ ಮಂಡೆ ನನ್ನ ಗಲ್ಲದ ಮಟ್ಟಕ್ಕಿತ್ತು. ಕೈ ಎತ್ತಲು ನೋಡಿದೆ. ಬರಲಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ. ಬಾಯಿಗೆ ಬಂದದ್ದು, "ಸರಿ, ಆತು, ಹೋಗು."

ಅವನು ಇನ್ನೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾಗಿ, "ಆಗ್ಲಿ ಅಣ್ಣ. ನಿನ್ನ ಕೈಗೆ ನನ್ನ ತಲೆ ಬೇಡಾತು" ಎಂದು ಹೊರಟುಹೋದ. ಮರುವಾರ ಸುದ್ದಿ ಬಂತು, ಬೇಡವೆಂದುಕೊಂಡಿದ್ದ ಕೆಲಸಕ್ಕೆ ಒಪ್ಪಿಕೊಂಡನಂತೆ. ಡಿಸೆಂಬರಿನ ಹೆತ್ತೆ ಹಬ್ಬ ಮುಗಿಸಿ ಹೆಂಡತಿಯನ್ನು ಕರೆದುಕೊಂಡು ಹೋಗಿಬಿಡುತ್ತಾನಂತೆ.

ನಮ್ಮ ಮನೆತನದಲ್ಲಿ ಹಿರಿಯನ ಕೈ ತಲೆ ಮೇಲೆ ಬೀಳದೆ ಯಾರೂ ಹಟ್ಟಿ ಬಿಟ್ಟು ಹೋದವರಲ್ಲ. ಒಬ್ಬರೇ ಹೋದರು, ನಮ್ಮ ಚಿಕ್ಕಪ್ಪ. ಅಪ್ಪನೊಡನೆ ಜಗಳವಾಡಿ ವಯನಾಡಿನ ಚಿನ್ನದ ಗಣಿಗೆ ಇಳಿದರು. ಅಪ್ಪ ಸಾಯುವವರೆಗೂ ಸಂಜೆಯಾದರೆ ಆ ದಾರಿ ನೋಡುತ್ತಿದ್ದದ್ದು ನನಗೆ ನೆನಪಿದೆ. ಚಿಕ್ಕಪ್ಪ ಬರಲಿಲ್ಲ.

ಹಾಗಾದರೆ ಹೋಗಿ ಹೇಳು ಎನ್ನುತ್ತಾಳೆ ಅಮ್ಮಣಿ. ನಾಲ್ಕು ಜನರ ಮುಂದೆ ಹಾಗೆಂದವನ ಬಾಗಿಲಿಗೆ ಅಣ್ಣನಾದವನು ಹೋಗಿ ನಿಲ್ಲುವುದೇ? ಕೈಯನ್ನು ಸರಿ ಮಾಡಿಕೊಳ್ಳುತ್ತೇನೆ. ಅವನು ಹೊರಡುವ ದಿನ ಆ ಕೈಯನ್ನು ತಲೆ ಮೇಲೆ ಇಡುತ್ತೇನೆ. ಮಾತಿನ ಅಗತ್ಯವೇ ಇಲ್ಲ.

ಅಕ್ಟೋಬರ್ ೧೧

ಕೋತಗಿರಿಗೆ ಹೋಗಿದ್ದೆ. ದವಾಖಾನೆಯ ಕಾಂಪೌಂಡರ್ ಬಾಲಸುಬ್ರಮಣಿಯನ್ ಹತ್ತಿರ ನನಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿದೆ, ಹೊಟ್ಟೆಗೆ ತಿಕ್ಕುವ ತೈಲ ಕೊಟ್ಟರೆ ಭುಜಕ್ಕೂ ಆದೀತೆಂದು. ಗುಂಡು ಹೊಟ್ಟೆ, ಬೋಳು ತಲೆ, ಸದಾ ನಗು. ಆತ ಸೀಸೆಯನ್ನು ಬೇಕೆಂದೇ ಎತ್ತರಕ್ಕೆ ಹಿಡಿದು ಕೊಟ್ಟ. ನಾನು ಎಡಗೈಯಲ್ಲಿ ತೆಗೆದುಕೊಂಡೆ.

"ಹೊಟ್ಟೆನೋವು ಎಷ್ಟು ದಿವಸದಿಂದ ಭುಜಕ್ಕೆ ಏರಿದೆ, ವಾದ್ಯಾರೇ?" ಎಂದ, ಮಾಸ್ಟರಿಗೆ ಆತ ಹೇಳುವುದೇ ಹಾಗೆ.

ಸಿಕ್ಕಿಬಿದ್ದೆ. ಆತ ಭುಜವನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, ಮೂಳೆ ಮುರಿದಿಲ್ಲ, ಅಲುಗಾಡಿಸದೆ ಇಟ್ಟು ಇಟ್ಟು ಕೀಲು ಬಿಗಿದುಕೊಂಡಿದೆ ಎಂದ. ತೈಲ ಬರೀ ಮೇಲಿನ ಉಪಚಾರ. ಬೇಕಾದದ್ದು ಹಠಯೋಗ. ಚಿಕ್ಕಂದಿನಲ್ಲಿ ಮೈಸೂರಿನ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಮಠದ ಒಬ್ಬ ವೃದ್ಧರಿಂದ ಕಲಿತನಂತೆ.

ಕಾವಿ ಉಡಲು ನನಗೆ ಮನಸ್ಸಿಲ್ಲ ಎಂದೆ.

"ಕಾವಿ ಯಾಕೆ? ಪಂಚೆ ಸಡಿಲ ಮಾಡಿಕೊಂಡರೆ ಸಾಕು. ಕೀಲು ಸಡಿಲಾಗುತ್ತೆ, ಊಟ ಕರಗುತ್ತೆ, ಬೆನ್ನು ನೆಟ್ಟಗಾಗುತ್ತೆ, ನಿದ್ದೆ ಬರುತ್ತೆ. ಕೋಪವೂ ಇಳಿಯುತ್ತೆ."

"ನನಗೆಲ್ಲಿದೆ ಕೋಪ!" ಎಂದು ಗದರಿದೆ. ಔಷಧಕ್ಕೆ ಕಾದು ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅಕ್ಟೋಬರ್ ೧೮

ಮೊದಲ ಪಾಠ, ದವಾಖಾನೆಯ ಹಿಂದಿನ ಕೋಣೆಯಲ್ಲಿ, ಬಾಗಿಲು ತೆರೆಯುವ ಮುಂಚೆ. ಪಾಠವೆಂದರೆ ಪಾಠವೇ. ಇಷ್ಟು ವರ್ಷ ಬೆತ್ತ ಹಿಡಿದಿದ್ದ ನಾನು ಈಗ ಬೆಂಚಿನ ಈ ಕಡೆ.

ಬೆಳಿಗ್ಗೆ ಎದ್ದು, ಹೊಟ್ಟೆ ಖಾಲಿಯಿದ್ದಾಗ, ನೆಲದ ಮೇಲೆ ಕಂಬಳಿ ಹಾಸಿ ಮಾಡಬೇಕು. ಕಾಫಿ ಆಮೇಲೆ. ಉಸಿರಾಟ ಮೂಗಿನಲ್ಲೇ. ಮೊದಲು ಸುಮ್ಮನೆ ಕಾಲು ಮಡಚಿ ಬೆನ್ನು ನೆಟ್ಟಗಿಟ್ಟು ಕೂರುವುದು, ಅದಕ್ಕೂ ಒಂದು ಹೆಸರಿದೆ, ಸುಖಾಸನ. ಸುಖವೇನೂ ಕಾಣಲಿಲ್ಲ. ಆಮೇಲೆ ಎದ್ದು ಪಾದ ಜೋಡಿಸಿ ನಿಂತು, ಉಸಿರು ತೆಗೆದುಕೊಳ್ಳುತ್ತಾ ಕೈ ಎತ್ತುವುದು, ಬಿಡುತ್ತಾ ಇಳಿಸುವುದು. ನನ್ನ ಎಡಗೈ ಆಕಾಶ ಮುಟ್ಟಿತು, ಬಲಗೈ ಸೊಂಟದಲ್ಲೇ ಕೂತಿತು. ನಾನು ಹಲ್ಲು ಕಚ್ಚಿ ಜಗ್ಗಿದೆ, ಕಣ್ಣಲ್ಲಿ ನೀರು ಬಂತು.

"ಜಗ್ಗಬೇಡಿ. ನೋವು ಶುರುವಾದ ಕಡೆ ನಿಂತುಕೊಳ್ಳಿ. ಅಲ್ಲೇ ನಿಂತು ಉಸಿರಾಡಿ. ನಾಳೆ ಅದೇ ಕೊಂಚ ಜಾಗ ಬಿಡುತ್ತೆ" ಎಂದ.

ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವುದೂ ಆಯಿತು. ಬೆರಳು ಮಂಡಿಯಿಂದ ಕೆಳಕ್ಕೆ ಹೋಗಲೊಲ್ಲದು. ಆತ ನನ್ನ ಮಂಡಿಯನ್ನು ಎತ್ತಿ ಮಡಿಸಿ, "ಕೈ ಕಾಲಿನ ಹತ್ತಿರ ಹೋಗದಿದ್ದರೆ ಕಾಲೇ ಕೈ ಹತ್ತಿರ ಬರಲಿ. ಯಾರು ಬಂದರೇನು, ಸೇರಿದರೆ ಆಯಿತು" ಎಂದ. ಕಲಿಯುವವರಿಗೆ ಇಷ್ಟು ಸಲಿಗೆ ಕೊಡಬಾರದು. ನಾನು ಕೊಟ್ಟವನಲ್ಲ.

ಕೊನೆಗೆ ತಾನೇ ಪದ್ಮಾಸನ ತೋರಿಸಲು ಹೋಗಿ ಕಾಲು ಸಿಕ್ಕಿಕೊಂಡು ನನ್ನನ್ನೇ ಬಿಡಿಸಲು ಕರೆದ. ನಕ್ಕು ನಕ್ಕು ಭುಜ ನೋವಾಯಿತು.

ಅಕ್ಟೋಬರ್ ೨೬

ಅಮ್ಮಣಿಗೆ ಹೇಳಲೇಬೇಕಾಯಿತು. "ಹಠ ನಿನಗೆ ಬೇರೆ ಕಲಿಸ್ಬೇಕಾ? ಹುಟ್ಟುವಾಗಲೇ ತಂದ್ಯಲ್ಲ" ಎಂದಳು. ಆದರೂ ಕಂಬಳಿ ತಂದು ಹಾಸಿಕೊಟ್ಟಳು.

ಕೈ ಹೊಕ್ಕಳಿನ ಮಟ್ಟಕ್ಕೆ ಬಂದಿದೆ.

ನವೆಂಬರ್ ೫

ಇವತ್ತು ಮುಂದಕ್ಕೆ ಬಗ್ಗಿ, ಹಣೆಯನ್ನು ಮಂಡಿಯ ಕಡೆಗೆ ಇಳಿಬಿಟ್ಟು, ಹಾಗೇ ಉಸಿರಾಡುತ್ತಿದ್ದೆ. ಕಂಬಳಿಯ ವಾಸನೆ ಮೂಗಿಗೆ ಬಂತು. ಅಪ್ಪನ ಎಮ್ಮೆಗಳ ವಾಸನೆ. ಟೀ ಗಿಡ ಬರುವ ಮುಂಚೆ ಈ ಗುಡ್ಡವೆಲ್ಲ ಹುಲ್ಲು, ಹುಲ್ಲಿನ ತುಂಬ ಎಮ್ಮೆ. ಬೆಳಗಿನ ಹಾಲು ಕರೆದು ಅಪ್ಪ ಹಾಲುಕೋಣೆಗೆ ಹೋಗುತ್ತಿದ್ದರೆ ನಾನು ಹಿಂದೆ, ನನ್ನ ಹಿಂದೆ ತಮ್ಮ ನಂಜ. ಅವನಿಗೆ ಆಗ ಮೂರೋ ನಾಲ್ಕೋ. ಹಿರಿಯರಿಗೆ ತಲೆ ಬಗ್ಗಿಸುವುದನ್ನು ಆಗತಾನೇ ಕಲಿತಿದ್ದ. ಅದೇ ಅವನಿಗೆ ಆಟ. ನನ್ನ ಮುಂದೆ ಬಂದು ತಲೆ ಒಡ್ಡುವನು. ನಾನು ದೊಡ್ಡ ಮನುಷ್ಯನ ಹಾಗೆ ಕೈಯಿಟ್ಟು "ಒಂದು ಒಂಬತ್ತಾಗಲಿ" ಎನ್ನುವೆ. ಓಡಿಹೋಗಿ ಮನೆಯನ್ನೊಂದು ಸುತ್ತು ಹಾಕಿ ಬಂದು ಮತ್ತೆ ಒಡ್ಡುವನು. "ಇನ್ನೊಂದ್ಸಲ, ಅಣ್ಣ." ಅಪ್ಪ ನಕ್ಕು, ಹೀಗೆ ಮಾಡಿದರೆ ಒಂದು ಒಂಬತ್ತಲ್ಲ ಒಂಬೈನೂರಾಗುತ್ತದೆ ಎನ್ನುತ್ತಿದ್ದರು. ಅವನ ಕೂದಲಿನಿಂದ ಬೆಣ್ಣೆ ವಾಸನೆ ಬರುತ್ತಿತ್ತು.

ಎಷ್ಟು ಹೊತ್ತು ಬಗ್ಗಿಯೇ ಇದ್ದೆನೋ. ಅಮ್ಮಣಿ ಬಂದು ಕಾಫಿ ಆರುತ್ತಿದೆ ಎಂದಳು.

ನವೆಂಬರ್ ೧೯

ಮಾನ ಹೋಯಿತು. ಕಾಂಪೌಂಡರ್ ಮೇಲೆ ಇಂದು ಕೆಂಡದಂಥ ಕೋಪ ಬರಬೇಕಿತ್ತು, ಯಾಕೋ ಬರುತ್ತಿಲ್ಲ.

ಎಲ್ಲ ಆಸನ ಮುಗಿದ ಮೇಲೆ ಮಾಡುವ ಶವಾಸನ ಎಂಬುದೊಂದಿದೆ. ಅಂಗಾತ ಮಲಗಿ, ಕೈಕಾಲು ಅಗಲಿಸಿ, ಅಂಗೈ ಮೇಲೆ ಮಾಡಿ, ಮೈಯನ್ನು ನೆಲಕ್ಕೆ ಒಪ್ಪಿಸಿಬಿಡಬೇಕು. ಹೊಸಬರು ಇದನ್ನು ಬಿಟ್ಟು ಎದ್ದುಹೋಗುತ್ತಾರೆ, ಬಿಡಬಾರದು, ದುಡಿದದ್ದನ್ನು ಮೈ ಜಮಾ ಮಾಡಿಕೊಳ್ಳುವುದು ಆಗಲೇ ಎಂದು ಕಾಂಪೌಂಡರ್ ಹೇಳಿದ್ದ. ನಾನು ಹಾಗೆ ಮಲಗಿದ್ದೆ. ಅಮ್ಮಣಿ ನೀರಿಗೆ ಹೋಗಿದ್ದಳು. ಮೂರನೆಯ ಮನೆಯ ಪಾಪಾತಿ ಬೆಂಕಿ ಕೆಂಡಕ್ಕೆಂದು ಬಂದವಳು ಬಾಗಿಲಲ್ಲಿ ಇಣುಕಿ ನೋಡಿದಳು. "ಮಾಸ್ಟರಣ್ಣ ಹೋದ್ರೇ!" ಎಂದು ಆ ತುದಿಗೆ ಕೇಳುವಂತೆ ಕೂಗಿದಳು.

ನಾನು ಎದ್ದು ಕೂರುವಷ್ಟರಲ್ಲಿ ಸಾಲುಮನೆಯೆಲ್ಲ ನನ್ನ ಬಾಗಿಲಲ್ಲಿ. ಎಲ್ಲರಿಗಿಂತ ಮುಂದೆ ನಂಜುಂಡನ್. ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹಿಮ ಹೆಪ್ಪುಗಟ್ಟಿತ್ತು. ಅವನ ಕಾಲಲ್ಲಿ ಜೋಡಿಲ್ಲ, ಮೈಮೇಲೆ ಕಂಬಳಿಯಿಲ್ಲ, ಅರ್ಧ ಮುಖಕ್ಕೆ ಕ್ಷೌರದ ಸೋಪು. ಹೊಸ್ತಿಲ ಮೇಲೆ ಕೈಯಿಟ್ಟು ನಿಂತಿದ್ದ, ಏದುಸಿರು. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಮುಖದ ಸೋಪನ್ನು ಅಂಗೈಯಲ್ಲಿ ಒರೆಸಿಕೊಂಡು ತಿರುಗಿ ಹೋದ.

ಪಾಪಾತಿಗೆ ನಾಲ್ಕು ಮಾತು ಅಂದು ಕಳಿಸಿದೆ. ನಂಜುಂಡನ್‌ಗೆ ಏನಿತ್ತೋ ಅಷ್ಟು ಅವಸರ. ಅಣ್ಣ ಸತ್ತಿದ್ದಾನೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ಬಂದಿರಬೇಕು ಎಂದೆ. ಅಮ್ಮಣಿ ಬಿಂದಿಗೆ ಇಳಿಸಿ ನನ್ನ ಮುಖವನ್ನೇ ನೋಡಿ, "ದೇವರು ನಿನಗೆ ಭುಜ ಒಂದೇ ಬಿಗಿ ಮಾಡಿದ್ದಾ?" ಎಂದಳು.

ಬರಿಗಾಲಲ್ಲಿ ಹಿಮದ ಮೇಲೆ ಬಂದರೆ ಕೆಮ್ಮು ಹೆಚ್ಚಾಗದೆ ಇರುತ್ತದೆಯೇ? ಅವನಿಗೆ ಚಿಕ್ಕಂದಿನಿಂದ ಎದೆ ಸೂಕ್ಷ್ಮ.

ನವೆಂಬರ್ ೨೧

ಹೆಚ್ಚಾಗಿದೆ. ಗೋಡೆಯಾಚೆ ಬೆಳಗೆಲ್ಲ ಕೆಮ್ಮು. ಉಸಿರು ತೆಗೆದುಕೊಳ್ಳುವಾಗ ಅವನು ಕೆಮ್ಮಿದರೆ ನನ್ನ ಲಯ ತಪ್ಪುತ್ತದೆ. ಆದ್ದರಿಂದ ಮೆಣಸು, ಶುಂಠಿ ಹಾಕಿ ಕಷಾಯ ಮಾಡಿ ಅವನ ಹೆಂಡತಿ ಹಾಲಿಯ ಕೈಗೆ ಕೊಟ್ಟು ಬರುವಂತೆ ಅಮ್ಮಣಿಗೆ ಹೇಳಿದೆ. ನಾನು ಹೇಳಿದ್ದು ಎನ್ನಬೇಡ ಎಂದೆ. ನನ್ನ ಅಭ್ಯಾಸಕ್ಕೆ ತೊಂದರೆಯಾಗಬಾರದು, ಅಷ್ಟೇ.

ಡಿಸೆಂಬರ್ ೮

ಕೈ ಎದೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿ ನಿಂತುಬಿಟ್ಟಿದೆ.

ಈಗ ಆಸನಕ್ಕಿಂತ ಉಸಿರೇ ನನಗೆ ಇಷ್ಟ. ಒಂದು ಮೂಗಿನ ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ತೆಗೆದುಕೊಳ್ಳುವುದು, ಬದಲಿಸಿ ಬಿಡುವುದು. ತಡೆದು ಹಿಡಿಯುವ ಸಾಹಸ ಹೊಸಬರಿಗೆ ಬೇಡ ಎಂದಿದ್ದಾನೆ. ಉಸಿರು ಬಿಡುವಾಗ ಸದ್ದು ಕೊಂಚ ಜೋರು. ಬಿಟ್ಟಾದ ಮೇಲೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಹಳೆಯ ಸದ್ದುಗಳು ಬರುವುದು ಆಗಲೇ. ಅವ್ವೆ ಮೊಸರು ಕಡೆಯುತ್ತಿದ್ದ ಸದ್ದು. ನಂಜ ಹಲ್ಲಿಲ್ಲದ ಬಾಯಲ್ಲಿ ಸಾಮೆ ಅನ್ನ ಅಗಿಯುತ್ತಿದ್ದ ಸದ್ದು. ಎಲ್ಲಿದ್ದವೋ ಇಷ್ಟು ಕಾಲ.

ಪಾಪಾತಿ ಬೆನ್ನುನೋವು ಎಂದು ಬಂದಳು. ಮಂಡಿಯೂರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದನ್ನು ಅಮ್ಮಣಿಯೇ ಅವಳಿಗೆ ತೋರಿಸಿಕೊಟ್ಟಳು. ಅವಳು ಯಾವಾಗ ಕಲಿತಳೋ.

ಡಿಸೆಂಬರ್ ೨೪, ಸೋಮವಾರ, ಹೆತ್ತೆ ಹಬ್ಬ

ಕೆಟ್ಟುಹೋಯಿತು. ಸಂತೋಷದ ಗಳಿಗೆಯಲ್ಲೇ ಕೆಟ್ಟುಹೋಯಿತು.

ಊರೆಲ್ಲ ಬಿಳಿಯುಟ್ಟು ನಮ್ಮ ಕುಲದ ತಾಯಿ ಹೆತ್ತೆಯ ಗುಡಿಗೆ ನಡೆದೆವು. ನಂಜುಂಡನ್ ನಮ್ಮ ಗುಂಪಿನಲ್ಲಿ ಬರಲಿಲ್ಲ, ಹಿಂದಿನವರ ಜೊತೆ ಬಂದ. ಪೂಜೆ ಮುಗಿದ ಮೇಲೆ ಕಿರಿಯರೆಲ್ಲ ಹಿರಿಯರ ಮುಂದೆ ತಲೆ ಬಗ್ಗಿಸುವ ಹೊತ್ತು. ಜೂನಿನಿಂದ ಇಂಥ ಗಳಿಗೆ ಬಂದಾಗಲೆಲ್ಲ ನಾನು ಹೊಟ್ಟೆ ಹಿಡಿದುಕೊಂಡು ಆಚೆ ಹೋಗಿದ್ದೇನೆ. ಇಂದೂ ಹೊರಟಿದ್ದೆ. ಅಷ್ಟರಲ್ಲಿ ಪಾಪಾತಿಯ ಮೊಮ್ಮಗಳು, ಲಿಂಗಿ, ಮೊಣಕಾಲೆತ್ತರದ ಕೂಸು, ಬಂದು ತಲೆ ಒಡ್ಡಿತು. ಯೋಚನೆಯಿಲ್ಲದೆ ಬಲಗೈ ಚಾಚಿದೆ. ಮಂಡೆ ಸಿಕ್ಕಿತು! ಬಿಸಿಬಿಸಿ ಪುಟ್ಟ ಮಂಡೆ. "ಒಂದು ಒಂಬತ್ತಾಗಲಿ" ಎಂದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕುಳ್ಳ ಮಕ್ಕಳೆಲ್ಲ ಸಾಲುಗಟ್ಟಿದರು. ಆರು ತಿಂಗಳ ಹಸಿವು ತೀರುವವರೆಗೆ ಕೈಯಿಟ್ಟೆ.

ತಲೆಯೆತ್ತಿದರೆ ನಂಜುಂಡನ್ ಜನರ ಆಚೆ ನಿಂತು ನೋಡುತ್ತಿದ್ದ. ನನ್ನ ಮುಖವನ್ನಲ್ಲ, ನನ್ನ ಬಲಗೈಯನ್ನು. ಆಮೇಲೆ ಮುಂಡಾಸನ್ನು ಬಿಗಿ ಮಾಡಿಕೊಂಡು ಗುಡ್ಡವಿಳಿದ.

ಅಣ್ಣನ ಕೈ ಆಡುತ್ತದೆ, ನನ್ನ ತಲೆಗೆ ಮಾತ್ರ ಆಡಲಿಲ್ಲ ಎಂದುಕೊಂಡನಲ್ಲವೇ? ಬೇರೆ ಏನೆಂದುಕೊಳ್ಳುತ್ತಾನೆ?

ಡಿಸೆಂಬರ್ ೨೬

ನಾಳೆಯೇ ಹೊರಡುತ್ತಾನಂತೆ. ಹೊಸ ವರ್ಷ ಕಳೆದ ಮೇಲೆ ಎಂದಿದ್ದವನು. ಗೋಡೆಯಾಚೆ ಪಾತ್ರೆ ಕಟ್ಟುವ ಸದ್ದು.

ಇವತ್ತು ಜಗ್ಗಿದೆ. ಹಲ್ಲು ಕಚ್ಚಿ ಗೋಡೆಗೆ ಕೈ ಒತ್ತಿ ಮೇಲಕ್ಕೆ ತಳ್ಳಿದೆ. ಬರಲಿಲ್ಲ. ಎದೆಯ ಮಟ್ಟವೇ. ಅಮ್ಮಣಿ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿ, ಬಿಸಿ ಎಣ್ಣೆ ಹಚ್ಚಿದಳು.

ಅವನು ಹಾಗೇ ಹೋಗಿಬಿಟ್ಟರೆ? ನಾನೂ ಅಪ್ಪನ ಹಾಗೆ ದಾರಿ ನೋಡುತ್ತಾ ಕೂರುತ್ತೇನೆ. ನನಗೆ ಭಯವಾಗುತ್ತಿದೆ.

ಡಿಸೆಂಬರ್ ೨೭

ಬೆಳಿಗ್ಗೆ ಕಂಬಳಿ ಹಾಸಿ ಕೂತಿದ್ದೆ. ಗಾಡಿ ಹೊರಟ ಸದ್ದಾಯಿತು. ಕೂತಲ್ಲಿಂದ ಎದ್ದು ಹಾಗೇ ಹೊರಟೆ, ಮುಂಡಾಸಿಲ್ಲದೆ, ಬರಿತಲೆಯಲ್ಲಿ. ಕೋತಗಿರಿ ದಾರಿಯ ತಿರುವಿನಲ್ಲಿ, ಹಳೆಯ ನೇರಳೆ ಮರದ ಹತ್ತಿರ ಗಾಡಿಯನ್ನು ಹಿಡಿದೆ. ಗಾಡಿಯಲ್ಲಿ ಹಾಲಿ, ಗಂಟು ಮೂಟೆ. ನಂಜುಂಡನ್ ಹಿಂದೆ ನಡೆದು ಬರುತ್ತಿದ್ದ. ನಿಂತ. ತಲೆ ಬಗ್ಗಿಸಲಿಲ್ಲ.

"ನಂಜ" ಎಂದೆ.

"ಏನ ಅಣ್ಣ."

"ಹೀಗೇ ಹೋಗ್ತ್ಯಾ?"

"ಹೇಗೆ ಹೋಗ್ಲಿ? ಒಂದ್ಸಲ ಬಗ್ಗಿದೆ, ಬರಿಗೈಲಿ ಎದ್ದೆ. ಮೊನ್ನೆ ಊರ ಮಕ್ಕಳ ಮಂಡೆಗೆಲ್ಲ ನಿನ್ನ ಕೈ ಹೋತು. ನನ್ನ ಮಂಡೆಗೆ ಮಾತ್ರ ಹೋಗ್ಲಿಲ್ಲ. ಏನ ತಪ್ಪು ಮಾಡಿದೆ ಅಂತಾದ್ರೂ ಹೇಳು."

ಕಿರಿಯವನು ಲೆಕ್ಕ ಕೇಳುತ್ತಿದ್ದಾನೆ ಎಂದು ಎದೆಯಲ್ಲಿ ಏನೋ ಎದ್ದಿತು. ಉಸಿರು ಒಳಗೆ ತೆಗೆದುಕೊಂಡೆ. ಬಿಟ್ಟೆ. ಬಿಟ್ಟ ಮೇಲೆ ಹೇಳಲು ಬೇರೆ ಏನೂ ಉಳಿದಿರಲಿಲ್ಲ. ಕೈಯನ್ನು ಅವನ ಮುಂದೆ ಎತ್ತಿದೆ. ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು.

"ನೋಡು. ಇಷ್ಟೇ. ಇದಕ್ಕಿಂತ ಮೇಲೆ ಹೋಗದು. ಮಳೆಗಾಲದಲ್ಲಿ ಬಿದ್ದದ್ದು. ಅಂದು ಇಷ್ಟೂ ಬರ್ತಿರ್ಲಿಲ್ಲ. ಮಕ್ಕಳು ಕುಳ್ಳರು, ನಂಜ. ನೀ ಉದ್ದ."

ಅವನು ಆ ಕೈಯನ್ನು ನೋಡುತ್ತಲೇ ಇದ್ದ. "ದಿನಾ ಬೆಳಗ್ಗೆ ಗೋಡೆ ಆಚೆ ನೀ ಉಸಿರು ಬಿಡ್ತಿದ್ದೆ..."

"ಅದು ಇದಕ್ಕೇ. ಕೈ ನಿನ್ನ ಎತ್ತರಕ್ಕೆ ಬರ್ಲಿ ಅಂತ."

"ನೀ ಅಳ್ತಿದ್ದೀ ಅಂದ್ಕೊಂಡಿದ್ದೆ. ಗೋಡೆಗೆ ಕಿವಿ ಕೊಟ್ಟು ಕೂರ್ತಿದ್ದೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ಅಂದೇ ಹೇಳಿದ್ರೆ ಇನ್ನೂ ಕೊಂಚ ಬಗ್ತಿದ್ನಲ್ಲ, ಅಣ್ಣ."

ಮುಂಡಾಸು ತೆಗೆದು ಆ ಹಿಮದ ದಾರಿಯಲ್ಲಿ ಮಂಡಿಯೂರಿ ಕೂತ. ತಲೆ ತಾನಾಗಿ ನನ್ನ ಕೈಕೆಳಗೆ ಬಂತು. ಕೈಯಿಟ್ಟೆ. ನೆತ್ತಿಯಲ್ಲಿ ಕೂದಲೇ ಇಲ್ಲ. ನನ್ನ ತಮ್ಮ ಮುದುಕನಾಗಿದ್ದಾನೆ, ನಾನು ನೋಡಿಯೇ ಇರಲಿಲ್ಲ. "ಒಂದು ಒಂಬತ್ತಾಗಲಿ" ಎಂದೆ. ಉಳಿದ ಹರಕೆಯೆಲ್ಲ ಮರೆತುಹೋಯಿತು. ಅಷ್ಟನ್ನೇ ಮತ್ತೆ ಮತ್ತೆ ಹೇಳಿದೆ.

ಒಪ್ಪಿಕೊಂಡ ಕೆಲಸ, ಹೋಗಲೇಬೇಕಿತ್ತು. ಮುಂದಿನ ಮಳೆಗಾಲದ ಬೆಳೆ ಹಬ್ಬಕ್ಕೆ ಬರುತ್ತೇನೆ ಎಂದ. ಕಣ್ಣೊರೆಸಿಕೊಂಡು ಹಾಲಿ ಎತ್ತುಗಳನ್ನು ಹೊಡೆದಳು. ಗಾಡಿ ತಿರುವು ದಾಟಿತು, ನಾನು ಅಲ್ಲೇ ನಿಂತಿದ್ದೆ. ಆಮೇಲೆ ಹೆಜ್ಜೆ ಸದ್ದು. ಐವತ್ತು ದಾಟಿದ ಮನುಷ್ಯ ಏದುಸಿರು ಬಿಡುತ್ತಾ ಓಡಿ ಬಂದು ನನ್ನ ಮುಂದೆ ಮಂಡಿಯೂರಿದ.

"ಇನ್ನೊಂದ್ಸಲ, ಅಣ್ಣ."

೧೯೩೫, ಜನವರಿ ೧೪

ಗೋಡೆಯಾಚೆ ಸದ್ದಿಲ್ಲ. ಅಭ್ಯಾಸವಾಗಲು ದಿನ ಹಿಡಿಯುತ್ತದೆ. ಚೇರಂಬಾಡಿಯಿಂದ ಬಂದ ಲಾರಿಯವನು, ನಿಮ್ಮ ತಮ್ಮ ಕ್ಷೇಮ, ಕೆಮ್ಮು ಕಡಿಮೆ ಎಂದು ಹೇಳಿಹೋದ.

ಬೆಳಿಗ್ಗೆ ಆಸನ ಮಾಡಿದೆ. ಕೈ ಎದೆಯ ಮಟ್ಟದಲ್ಲೇ ಇದೆ, ಇರಲಿ. ಹಾಲು ಕರೆಯಲು ಹೊತ್ತಾಗಿತ್ತು, ಅಮ್ಮಣಿ ಇನ್ನೂ ಮಲಗಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ. ನೆಲದ ಮೇಲೆ ಕೂತು, ತಲೆಯನ್ನು ಕೈಯ ಹತ್ತಿರಕ್ಕೆ ಬಗ್ಗಿಸಿ, ಮುಂಡಾಸು ಸುತ್ತಿಕೊಂಡು ಬಾಗಿಲು ತೆರೆದೆ. ಹೊರಗೆ ಹಿಮ ಕರಗುತ್ತಿತ್ತು. ಎಮ್ಮೆ ಇವತ್ತು ಹಾಲು ಚೆನ್ನಾಗಿ ಕೊಟ್ಟಿತು.